ಕಾಗೆ ಕುಳಿತ ಮನೆ: ಜೀವಕ್ಕೊಂದು ಲಕ್ಷಣ ಹೇಳುವ ಕಷ್ಟ

ಜೀವ ಎಂಬ ಮಾತು ಕನ್ನಡದಲ್ಲಿ ಎಷ್ಟು ಸಲೀಸಾಗಿ ಬಳಕೆಯಾಗುತ್ತದೆಯೆಂದರೆ, ಅದರ ಅರ್ಥವನ್ನು ಒಬ್ಬರು ಇನ್ನೊಬ್ಬರಲ್ಲಿ ಕೇಳುವ ಪ್ರಸಂಗವೇ ಬರುವುದಿಲ್ಲ. ನೆಟ್ಟ ಸಸಿ ಜೀವ ಹಿಡಿಯುತ್ತದೆ, ಬಾಡಿದ ಬಳ್ಳಿಗೆ ಮಳೆ ಬಿದ್ದು ಜೀವ ಬರುತ್ತದೆ, ಮುದಿ ಹಸು ಜೀವ ಬಿಡುತ್ತದೆ, ಗಾಬರಿಗೊಂಡವನ ಜೀವ ಬಾಯಿಗೆ ಬರುತ್ತದೆ. ಈ ಎಲ್ಲ ಪ್ರಯೋಗಗಳಲ್ಲಿ ಬರುವ, ನಿಲ್ಲುವ, ಬಿಟ್ಟುಹೋಗುವ ಒಂದು ವಸ್ತು ಇದೆಯೆಂಬ ಭಾವನೆ ಅಡಗಿದೆಯೇ ಹೊರತು ಆ ವಸ್ತು ಯಾವುದೆಂಬ ವಿವರಣೆ ಇಲ್ಲ. 'ಪ್ರಾಣಿ' ಎಂಬ ಶಬ್ದ ಉಸಿರಾಟವನ್ನು ಸೂಚಿಸುವ 'ಪ್ರಾಣ'ದಿಂದ ಬಂದಿದೆ. ಉಸಿರಿದ್ದರೆ ಜೀವ, ಉಸಿರು ನಿಂತರೆ ಸಾವು ಎಂಬ ಹಳೆಯ ನಂಬಿಕೆ ಆ ಶಬ್ದದೊಳಗೇ ಉಳಿದುಕೊಂಡಿದೆ.

ಹೆಸರಿನಲ್ಲೇ ಜೀವವನ್ನು ಇಟ್ಟುಕೊಂಡಿರುವ ಜೀವವಿಜ್ಞಾನದಲ್ಲಿಯೂ ಎಲ್ಲರೂ ಒಪ್ಪಿದ ವಿವರಣೆ ಈವರೆಗೆ ಸಿದ್ಧವಾಗಿಲ್ಲ. ಎಡ್ವರ್ಡ್ ಟ್ರಿಫೊನೊವ್ ಎಂಬ ವಿಜ್ಞಾನಿ 2011ರಲ್ಲಿ ಜೀವದ 123 ವ್ಯಾಖ್ಯೆಗಳನ್ನು ಕಲೆಹಾಕಿ, ಅವುಗಳಲ್ಲಿ ಹೆಚ್ಚಾಗಿ ಬಳಕೆಯಾದ ಪದಗಳನ್ನು ಗುಂಪು ಮಾಡಿ, ಎಲ್ಲಕ್ಕೂ ಸಾಮಾನ್ಯವಾದ ತಿರುಳನ್ನು ಹುಡುಕಿದರು. ಅವರಿಗೆ ಸಿಕ್ಕಿದ್ದು, ಸಣ್ಣಪುಟ್ಟ ವ್ಯತ್ಯಾಸಗಳೊಡನೆ ತನ್ನ ನಕಲನ್ನು ತಾನೇ ಮಾಡಿಕೊಳ್ಳುವುದು ಜೀವ ಎಂಬಷ್ಟೇ ಮಾತು. ಆದರೆ ಈ ಮಾತಿನ ಪ್ರಕಾರ, ತನ್ನನ್ನು ತಾನೇ ನಕಲು ಮಾಡಿಕೊಂಡು ಒಂದು ಯಂತ್ರದಿಂದ ಇನ್ನೊಂದಕ್ಕೆ ಹಬ್ಬುತ್ತ, ಹಬ್ಬುವಾಗ ರೂಪ ಬದಲಿಸುವ ಕಂಪ್ಯೂಟರ್ ವೈರಸ್ಸನ್ನೂ ಜೀವಿಯೆಂದು ಒಪ್ಪಬೇಕಾಗುತ್ತದೆ. ಒಂದೇ ಕಾಯಿಲೆಗೆ ನೂರಿಪ್ಪತ್ತು ಔಷಧಿಗಳಿದ್ದರೆ ಯಾವುದೂ ಪೂರ್ತಿಯಾಗಿ ನಾಟುತ್ತಿಲ್ಲವೆಂದು ತಿಳಿಯಬೇಕಾಗುವಂತೆ, ವ್ಯಾಖ್ಯೆಗಳ ಈ ಸಮೃದ್ಧಿಯೂ ಒಂದು ಕೊರತೆಯನ್ನೇ ಹೇಳುತ್ತದೆ.

ಲಕ್ಷಣದ ಮೂರು ದೋಷಗಳು

ಒಂದು ವ್ಯಾಖ್ಯೆ ಎಲ್ಲಿ ಸೋಲುತ್ತದೆ ಎಂಬುದನ್ನು ಪರೀಕ್ಷಿಸುವ ಚೊಕ್ಕ ಸಾಧನವೊಂದು ಭಾರತೀಯ ತರ್ಕಶಾಸ್ತ್ರದಲ್ಲಿದೆ. ಒಂದು ವಸ್ತುವಿನಲ್ಲಿ ಮಾತ್ರ ಇದ್ದು, ಉಳಿದೆಲ್ಲವುಗಳಿಂದ ಅದನ್ನು ಬೇರ್ಪಡಿಸಿ ತೋರಿಸುವ ಅಸಾಧಾರಣ ಧರ್ಮಕ್ಕೆ ನೈಯಾಯಿಕರು 'ಲಕ್ಷಣ' ಎನ್ನುತ್ತಾರೆ. ಆ ಲಕ್ಷಣಕ್ಕೆ ಮೂರು ದೋಷಗಳು ಅಂಟಬಹುದೆಂಬುದು ಅವರ ಎಣಿಕೆ. 17ನೇ ಶತಮಾನದ ಅನ್ನಂಭಟ್ಟ ತನ್ನ ತರ್ಕಸಂಗ್ರಹಕ್ಕೆ ತಾನೇ ಬರೆದ ದೀಪಿಕೆಯಲ್ಲಿ ಇವನ್ನು ಹಸುವಿನ ಉದಾಹರಣೆಯಿಂದ ವಿವರಿಸುತ್ತಾನೆ. ಕಂದು ಬಣ್ಣವೇ ಹಸುವಿನ ಲಕ್ಷಣವೆಂದರೆ ಬಿಳಿ ಹಸು, ಕರಿ ಹಸು ಹೊರಗುಳಿಯುತ್ತವೆ, ಇದು ಅವ್ಯಾಪ್ತಿ. ಕೊಂಬೇ ಲಕ್ಷಣವೆಂದರೆ ಎಮ್ಮೆಯೂ ಕೊಟ್ಟಿಗೆಯೊಳಗೆ ನುಗ್ಗುತ್ತದೆ, ಇದು ಅತಿವ್ಯಾಪ್ತಿ. ಸೀಳಿಲ್ಲದ ಒಂಟಿ ಗೊರಸೇ ಲಕ್ಷಣವೆಂದರೆ ಯಾವ ಹಸುವಿಗೂ ಅದು ಅನ್ವಯಿಸುವುದಿಲ್ಲ, ಇದು ಅಸಂಭವ.

ಶಾಲೆಯ ವಿಜ್ಞಾನ ಪುಸ್ತಕ ಕಲಿಸುವ ಪಟ್ಟಿಯನ್ನು, ಎಂದರೆ ಚಲನೆ, ಉಸಿರಾಟ, ಪೋಷಣೆ, ವಿಸರ್ಜನೆ, ಬೆಳವಣಿಗೆ, ಸಂವೇದನೆ ಮತ್ತು ಸಂತಾನೋತ್ಪತ್ತಿಯನ್ನು, ಈ ಒರೆಗಲ್ಲಿಗೆ ತಿಕ್ಕಿದರೆ ಎರಡು ದೋಷಗಳು ಒಟ್ಟಿಗೇ ಕಾಣಿಸಿಕೊಳ್ಳುತ್ತವೆ. ಒಲೆಯ ಬೆಂಕಿ ಗಾಳಿಯಿಂದ ಆಮ್ಲಜನಕವನ್ನು ಎಳೆದುಕೊಂಡು, ಸೌದೆಯನ್ನು ತಿಂದು, ಹೊಗೆ ಬೂದಿಗಳನ್ನು ಹೊರಹಾಕಿ, ಗಾಳಿ ಬೀಸಿದರೆ ಬಾಗಿ, ಒಂದು ಕಿಡಿಯಿಂದ ಮತ್ತೊಂದು ಬೆಂಕಿಯನ್ನು ಹುಟ್ಟಿಸುತ್ತದೆ. ಪಾಕದಲ್ಲಿ ಇಳಿಬಿಟ್ಟ ದಾರದ ಮೇಲೆ ಕಲ್ಲುಸಕ್ಕರೆಯ ಹರಳು ತನ್ನ ಆಕಾರವನ್ನು ಕಾಪಾಡಿಕೊಂಡೇ ಬೆಳೆಯುತ್ತದೆ. ಇನ್ನೊಂದು ಕಡೆ, ಕುದುರೆ ಮತ್ತು ಕತ್ತೆಯ ಕೂಡಿಕೆಯಿಂದ ಹುಟ್ಟಿ ದಿನವಿಡೀ ಹೊರೆ ಹೊರುವ ಹೇಸರಗತ್ತೆಗೆ ಮರಿ ಹಾಕುವ ಶಕ್ತಿಯಿಲ್ಲ, ಡಬ್ಬಿಯಲ್ಲಿರುವ ಹೆಸರುಕಾಳು ಚಲಿಸುವುದೂ ಇಲ್ಲ, ಬೆಳೆಯುವುದೂ ಇಲ್ಲ. ಪಟ್ಟಿಯ ಕೆಲವೇ ಅಂಶಗಳಿದ್ದರೆ ಸಾಕೆಂದರೆ ಬೆಂಕಿ ಜೀವಿಯಾಗುತ್ತದೆ, ಎಲ್ಲವೂ ಇರಬೇಕೆಂದರೆ ಹೇಸರಗತ್ತೆ ಜಡವಾಗುತ್ತದೆ.

ಶಕ್ತಿಯೋ, ಸಂವೇದನೆಯೋ

ಪಟ್ಟಿಯ ತೊಡಕನ್ನು ತಪ್ಪಿಸಿಕೊಳ್ಳಲು ಯುರೋಪಿನ ಚಿಂತಕರು ಬಹುಕಾಲ ಹಿಡಿದ ದಾರಿ ಪ್ರಾಣಶಕ್ತಿವಾದದ್ದು. ಜಡವಸ್ತುಗಳಲ್ಲಿ ಇಲ್ಲದ, ಜೀವಿಗಳಲ್ಲಿ ಮಾತ್ರ ಕೆಲಸ ಮಾಡುವ ವಿಶಿಷ್ಟ ಶಕ್ತಿಯೊಂದಿದೆ, ಅದಿಲ್ಲದೆ ಜೀವಿಗಳ ದೇಹದಲ್ಲಿರುವ ಪದಾರ್ಥಗಳನ್ನು ತಯಾರಿಸಲಾಗದು ಎಂಬುದು ಈ ವಾದದ ಸಾರ. ಜರ್ಮನಿಯ ಫ್ರೀಡ್ರಿಶ್ ವೂಲರ್ 1828ರಲ್ಲಿ, ಅದುವರೆಗೆ ಮೂತ್ರದಿಂದ ಮಾತ್ರ ಪಡೆಯಲಾಗುತ್ತಿದ್ದ ಯೂರಿಯಾವನ್ನು ಅಮೋನಿಯಂ ಸಯನೇಟ್ ಎಂಬ ಲವಣದಿಂದ ಪ್ರಯೋಗಶಾಲೆಯಲ್ಲಿಯೇ ತಯಾರಿಸಿದಾಗ ಈ ವಾದದ ಒಂದು ಆಧಾರ ಸಡಿಲವಾಯಿತು. ಇಂದು ರೈತರು ಚೀಲಗಟ್ಟಲೆ ಕೊಂಡು ಹೊಲಕ್ಕೆ ಚೆಲ್ಲುವ ಯೂರಿಯಾದ ಮೂಲ ಯಾವ ಪ್ರಾಣಿಯ ದೇಹವೂ ಅಲ್ಲ. ಆದರೂ ವಾದ ಒಂದೇ ಏಟಿಗೆ ಬೀಳಲಿಲ್ಲ. 1890ರ ದಶಕದಲ್ಲಿ ಹಾನ್ಸ್ ಡ್ರೀಶ್ ಎಂಬ ವಿಜ್ಞಾನಿ, ಕಡಲ ಅರ್ಚಿನ್ ಎಂಬ ಮುಳ್ಳುಮೈಯ ಪ್ರಾಣಿಯ ಭ್ರೂಣ ಎರಡು ಕೋಶಗಳಾಗಿ ಸೀಳಿದ ಕೂಡಲೆ ಅವನ್ನು ಬೇರೆ ಮಾಡಿ, ಅರ್ಧರ್ಧ ಮರಿಯ ಬದಲು ಎರಡು ಪೂರ್ಣ ಮರಿಗಳೇ ಬೆಳೆದದ್ದನ್ನು ಕಂಡು, ಅರ್ಧವಾದರೂ ಪೂರ್ಣವಾಗಬಲ್ಲ ಈ ಸಾಮರ್ಥ್ಯ ಯಾವ ಯಂತ್ರಕ್ಕೂ ಇರದೆಂದು ತೀರ್ಮಾನಿಸಿ ಮತ್ತೆ ಪ್ರಾಣಶಕ್ತಿಯ ಕಡೆಗೇ ಹೊರಳಿದರು. ಆ ಶಕ್ತಿಯನ್ನು ಯಾವ ಜೀವಿಯಲ್ಲಿಯೂ ಯಾರಿಗೂ ಬೇರ್ಪಡಿಸಿ ತೋರಿಸಲಾಗದ ಕಾರಣ ಈ ಲಕ್ಷಣ ಮೂರನೆಯ ದೋಷದ, ಎಂದರೆ ಅಸಂಭವದ, ಬಾಗಿಲಲ್ಲೇ ನಿಂತುಹೋಯಿತು.

ಇದೇ ಪ್ರಶ್ನೆಯನ್ನು ಸಂವೇದನೆಯ ದಾರಿಯಿಂದ ಹಿಡಿದವರು ಜಗದೀಶಚಂದ್ರ ಬೋಸ್. 1901ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರು ಪ್ರಾಣಿಯ ಸ್ನಾಯು, ಗಿಡದ ಅಂಗಾಂಶ ಮತ್ತು ಲೋಹದ ತಂತಿ ಈ ಮೂರನ್ನೂ ಉದ್ದೀಪಿಸಿ, ಅವು ತೋರುವ ವಿದ್ಯುತ್ ಪ್ರತಿಕ್ರಿಯೆಯ ಗೆರೆಗಳನ್ನು ಒಂದರ ಪಕ್ಕ ಒಂದಿಟ್ಟು ತೋರಿಸಿದರು. ಮತ್ತೆ ಮತ್ತೆ ಉದ್ದೀಪಿಸಿದರೆ ಲೋಹವೂ ದಣಿದಂತೆ ವರ್ತಿಸುತ್ತದೆ, ವಿಷ ತಗುಲಿದರೆ ಅದರ ಪ್ರತಿಕ್ರಿಯೆಯೂ ಅಡಗುತ್ತದೆ ಎಂಬುದು ಅವರ ನಿಲುವಾಗಿತ್ತು. ಮರುವರ್ಷ ಪ್ರಕಟವಾದ ಅವರ ಗ್ರಂಥದ ಶೀರ್ಷಿಕೆಯೇ ಸಜೀವ ಮತ್ತು ನಿರ್ಜೀವಗಳ ಪ್ರತಿಕ್ರಿಯೆಯನ್ನು ಜೋಡಿಸಿ ಹೇಳುತ್ತದೆ. ಬೋಸರಿಗೆ ಇದು ಜಡ ಮತ್ತು ಚೇತನಗಳ ನಡುವೆ ಗೋಡೆಯಿಲ್ಲವೆಂಬುದರ ಸಾಕ್ಷಿಯಾಗಿತ್ತು. ತರ್ಕದ ಕಣ್ಣಿನಿಂದ ನೋಡಿದರೆ, ಪ್ರತಿಕ್ರಿಯೆಯನ್ನೇ ಜೀವದ ಲಕ್ಷಣವೆಂದು ಹಿಡಿದವರಿಗೆ ತವರದ ತಂತಿಯೊಂದು ಅತಿವ್ಯಾಪ್ತಿಯನ್ನು ತೋರಿಸಿಕೊಟ್ಟಂತಾಯಿತು.

ಕರ್ನಾಟಕದಲ್ಲಿ ಶತಮಾನಗಳಿಂದ ಬೇರೂರಿರುವ ಜೈನ ದರ್ಶನ ಈ ವ್ಯಾಪ್ತಿಯನ್ನು ದೋಷವೆಂದು ಎಣಿಸುವುದೇ ಇಲ್ಲ. ಅದು ಜೀವಿಗಳನ್ನು ಇಂದ್ರಿಯಗಳ ಎಣಿಕೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವಿಗಳಲ್ಲಿ ಸಸ್ಯಗಳ ಜೊತೆಗೆ ಮಣ್ಣು, ನೀರು, ಬೆಂಕಿ, ಗಾಳಿಗಳನ್ನೇ ಮೈಯಾಗಿ ಪಡೆದ ಜೀವಿಗಳನ್ನೂ ಸೇರಿಸುತ್ತದೆ. ತಿಳಿಯುವ ಮತ್ತು ಕಾಣುವ ಚೈತನ್ಯದ ವ್ಯಾಪಾರಕ್ಕೆ 'ಉಪಯೋಗ' ಎಂಬ ಪಾರಿಭಾಷಿಕ ಹೆಸರು ಕೊಟ್ಟು, ಅದನ್ನೇ ಜೀವದ ಲಕ್ಷಣವೆಂದು ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೇಳುತ್ತದೆ. ನೀರನ್ನು ಸೋಸಿ ಕುಡಿಯುವ, ಸೂರ್ಯ ಮುಳುಗಿದ ಮೇಲೆ ಉಣ್ಣದಿರುವ ಆಚರಣೆಗಳ ಹಿಂದಿರುವುದು ಅಹಿಂಸೆಯ ಕಾಳಜಿ. ಹಿಂಸೆಯನ್ನು ತಪ್ಪಿಸಬೇಕೆಂಬ ಉದ್ದೇಶವುಳ್ಳ ವ್ಯಾಖ್ಯೆ ತನ್ನ ಬಲೆಯನ್ನು ಅಗಲವಾಗಿ ಬೀಸುವುದು ಸಹಜ. ಬಿಟ್ಟುಹೋಗುವುದಕ್ಕಿಂತ ಹೆಚ್ಚಾಗಿ ಸೇರುವುದೇ ಅಲ್ಲಿ ಕಡಿಮೆ ಅಪಾಯದ್ದು. ವ್ಯಾಖ್ಯೆಯ ಆಕಾರ ಅದನ್ನು ಬಳಸುವವರ ಕೆಲಸವನ್ನು ಅವಲಂಬಿಸಿರುತ್ತದೆ ಎಂಬ ಈ ಸಂಗತಿ ಮುಂದೆ ಪ್ರಯೋಗಶಾಲೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ಮರುಕಳಿಸುತ್ತದೆ.

ಹೊಗೆಸೊಪ್ಪಿನ ನಂಜು

ಇಪ್ಪತ್ತನೆಯ ಶತಮಾನದಲ್ಲಿ ಜೀವದ ವ್ಯಾಖ್ಯೆಯನ್ನು ಎಲ್ಲಕ್ಕಿಂತ ಹೆಚ್ಚು ಅಲುಗಾಡಿಸಿದ್ದು ಹೊಗೆಸೊಪ್ಪಿನ ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆಗಳನ್ನು ಮೂಡಿಸುವ ಮೊಸಾಯಿಕ್ ಎಂಬ ರೋಗ. ನೆದರ್ಲೆಂಡ್ಸಿನ ಅಡಾಲ್ಫ್ ಮೇಯರ್ 1886ರಲ್ಲಿ ಈ ರೋಗವನ್ನು ವಿವರಿಸಿ, ರೋಗದ ಎಲೆಯ ರಸವನ್ನು ಆರೋಗ್ಯವಂತ ಗಿಡಕ್ಕೆ ಸೇರಿಸಿದರೆ ಅದಕ್ಕೂ ರೋಗ ಹತ್ತುತ್ತದೆಂದು ತೋರಿಸಿದರು. 1892ರಲ್ಲಿ ರಷ್ಯಾದ ದ್ಮಿತ್ರಿ ಇವಾನೊವ್‌ಸ್ಕಿ ಆ ರಸವನ್ನು ಬ್ಯಾಕ್ಟೀರಿಯಾಗಳನ್ನು ತಡೆಹಿಡಿಯುವ ಪಿಂಗಾಣಿ ಸೋಸುಕದಲ್ಲಿ ಸೋಸಿದ ಮೇಲೂ ಅದು ರೋಗ ಹರಡುವುದನ್ನು ಕಂಡರು. 1898ರಲ್ಲಿ ಡೆಲ್ಫ್ಟಿನ ಮಾರ್ಟಿನಸ್ ಬೈಯರಿಂಕ್, ಎಷ್ಟು ತೆಳುಮಾಡಿದರೂ ಗಿಡದೊಳಗೆ ಹೊಕ್ಕ ಕೂಡಲೆ ಮತ್ತೆ ಹೆಚ್ಚುವ ಈ ಪದಾರ್ಥ ಬ್ಯಾಕ್ಟೀರಿಯಾವೂ ಅಲ್ಲ, ಸಾಮಾನ್ಯ ವಿಷವೂ ಅಲ್ಲವೆಂದು ತಿಳಿದು, ಅದಕ್ಕೆ ಸೋಂಕು ಹರಡುವ ಸಜೀವ ದ್ರವ ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟರು. ವೈರಸ್ ಎಂಬ ಲ್ಯಾಟಿನ್ ಪದಕ್ಕೆ ವಿಷವೆಂದೇ ಅರ್ಥ. ಕನ್ನಡದ ಕೃಷಿ ಬರಹಗಳಲ್ಲಿ ಇಂಥ ಬೇನೆಗಳನ್ನು 'ನಂಜುರೋಗ' ಎನ್ನುವುದು ಆ ಮೂಲಾರ್ಥಕ್ಕೆ ತೀರ ಹತ್ತಿರದ ಮಾತು.

1935ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿದ್ದ ರಾಕ್‌ಫೆಲರ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ವೆಂಡೆಲ್ ಸ್ಟ್ಯಾನ್ಲಿ ರೋಗ ತಗುಲಿದ ರಾಶಿ ರಾಶಿ ಹೊಗೆಸೊಪ್ಪಿನ ರಸವನ್ನು ಶುದ್ಧೀಕರಿಸುತ್ತ ಹೋಗಿ, ಕೊನೆಗೆ ಆ ನಂಜನ್ನು ಸೂಜಿಯಂಥ ಹರಳುಗಳ ರೂಪದಲ್ಲಿ ಪಡೆದರು. ಉಪ್ಪಿನಂತೆ, ಸಕ್ಕರೆಯಂತೆ ಹರಳಾಗಿ ಶೀಷೆಯಲ್ಲಿ ತಣ್ಣಗೆ ಕೂರಬಲ್ಲ ವಸ್ತುವನ್ನು ರಸಾಯನಶಾಸ್ತ್ರದವರು ಜಡವೆಂದೇ ಕರೆಯಬೇಕು. ಆದರೆ ಅದನ್ನು ನೀರಿನಲ್ಲಿ ಕರಗಿಸಿ ಎಲೆಯ ಮೇಲೆ ಉಜ್ಜಿದರೆ ಕೆಲವೇ ದಿನಗಳಲ್ಲಿ ಗಿಡದ ತುಂಬ ಅದರ ಸಂತಾನ ಹರಡುತ್ತಿತ್ತು. ಸ್ಟ್ಯಾನ್ಲಿ ಅದನ್ನು ಶುದ್ಧ ಪ್ರೋಟೀನೆಂದು ಭಾವಿಸಿದ್ದರು; ಮರುವರ್ಷ ಇಂಗ್ಲೆಂಡಿನ ಫ್ರೆಡರಿಕ್ ಬಾಡೆನ್ ಮತ್ತು ನಾರ್ಮನ್ ಪಿರಿ ಅದರಲ್ಲಿ ಆನುವಂಶಿಕ ಮಾಹಿತಿಯನ್ನು ಹೊರುವ ಆರ್‌ಎನ್‌ಎ ವರ್ಗದ ಆಮ್ಲವೂ ಇದೆಯೆಂದು ತೋರಿಸಿದರು. ಸ್ಟ್ಯಾನ್ಲಿಯವರಿಗೆ 1946ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆತದ್ದು ರಸಾಯನಶಾಸ್ತ್ರ ವಿಭಾಗದಲ್ಲಿ. ಪಿರಿ 1937ರಲ್ಲಿ ಬರೆದ ಪ್ರಬಂಧವೊಂದರಲ್ಲಿ 'ಜೀವ', 'ಸಜೀವ' ಎಂಬ ಪದಗಳಿಗೆ ಖಚಿತ ಅರ್ಥವೇ ಇಲ್ಲವೆಂದು ವಾದಿಸಿದರು.

ಇಂದು ತಿಳಿದಿರುವಂತೆ ಈ ವೈರಸ್ಸು ಸುಮಾರು 300 ನ್ಯಾನೋಮೀಟರ್ ಉದ್ದದ, ಎಂದರೆ ಒಂದು ಮಿಲಿಮೀಟರಿನ ಮೂರು ಸಾವಿರದಲ್ಲೊಂದು ಪಾಲಿಗಿಂತ ತುಸು ಕಿರಿದಾದ, ಕೋಲು. ಒಂದೇ ಬಗೆಯ ಸುಮಾರು 2,130 ಪ್ರೋಟೀನ್ ತುಣುಕುಗಳು ಸುರುಳಿಯಾಗಿ ಜೋಡಿಸಿಕೊಂಡು, ಸುಮಾರು 6,400 ಅಕ್ಷರಗಳಷ್ಟು ಉದ್ದದ ಆರ್‌ಎನ್‌ಎ ಎಳೆಯೊಂದನ್ನು ಸುತ್ತುವರಿದಿರುತ್ತವೆ. 1955ರಲ್ಲಿ ಬರ್ಕ್ಲಿಯ ಹೈನ್ಸ್ ಫ್ರೆಂಕೆಲ್ ಕಾನ್ರಾಟ್ ಮತ್ತು ರಾಬ್ಲಿ ವಿಲಿಯಮ್ಸ್ ಈ ಎರಡು ಭಾಗಗಳನ್ನು ಬೇರೆ ಬೇರೆ ಮಾಡಿ, ಮತ್ತೆ ಒಂದೇ ಪಾತ್ರೆಯಲ್ಲಿ ಬೆರೆಸಿದಾಗ ಅವು ತಾವಾಗಿಯೇ ಕೂಡಿಕೊಂಡು ರೋಗ ಹರಡಬಲ್ಲ ವೈರಸ್ಸುಗಳಾದವು. ಬಿಚ್ಚಿಟ್ಟಾಗ ಅದು ಸತ್ತಿತ್ತೇ, ಜೋಡಿಸಿದಾಗ ಹುಟ್ಟಿತೇ ಎಂದು ಕೇಳಿದರೆ, ಪ್ರಶ್ನೆಯೇ ತಪ್ಪು ಜಾಗದಲ್ಲಿ ನಿಂತಿದೆಯೆಂದು ಅನ್ನಿಸದೆ ಇರದು.

ವೈರಸ್ಸನ್ನು ಜೀವಿಗಳ ಸಾಲಿನಿಂದ ಹೊರಗಿಡುವವರು ಕೊಡುವ ಮುಖ್ಯ ಕಾರಣ ಪರಾವಲಂಬನೆ. ಅದಕ್ಕೆ ಸ್ವಂತ ಚಯಾಪಚಯ, ಎಂದರೆ ಆಹಾರವನ್ನು ಒಡೆದು ಶಕ್ತಿ ಪಡೆದು ಮೈಯನ್ನು ಕಟ್ಟಿಕೊಳ್ಳುವ ರಾಸಾಯನಿಕ ವ್ಯವಹಾರ, ಇಲ್ಲ. ಪ್ರೋಟೀನ್ ತಯಾರಿಸುವ ರೈಬೋಸೋಮುಗಳನ್ನು ಅದು ಆಶ್ರಯದ ಕೋಶದಿಂದಲೇ ಎರವಲು ಪಡೆಯಬೇಕು. ಆದರೆ ಪರಾವಲಂಬನೆಗೂ ಮೆಟ್ಟಿಲುಗಳಿವೆ. ಗಿಡದ ರಸ ಹೀರುವ ಒಂದು ಬಗೆಯ ಜಿಗಿಹೇನಿನ ಕೋಶಗಳೊಳಗೆ ವಾಸಿಸುವ ಕಾರ್ಸೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಆನುವಂಶಿಕ ಲಿಪಿ ಕೇವಲ 1,60,000 ಅಕ್ಷರಗಳಷ್ಟು ಎಂದು 2006ರಲ್ಲಿ ತಿಳಿದುಬಂತು. ಆ ಕೀಟದ ಹೊರಗೆ ಅದಕ್ಕೆ ಬದುಕಿಲ್ಲ. ಇತ್ತ ಇಂಗ್ಲೆಂಡಿನ ಬ್ರಾಡ್‌ಫರ್ಡಿನ ತಂಪುಗೋಪುರವೊಂದರ ನೀರಿನಲ್ಲಿ 1992ರಲ್ಲಿ ಸಿಕ್ಕಿ, ತನ್ನ ಗಾತ್ರದಿಂದಾಗಿ ಹನ್ನೊಂದು ವರ್ಷ ಬ್ಯಾಕ್ಟೀರಿಯಾವೆಂದೇ ಎಣಿಸಲ್ಪಟ್ಟ ಮಿಮಿವೈರಸ್, 2003ರಲ್ಲಿ ವೈರಸ್ಸೆಂದು ಗುರುತಾಯಿತು. ಅದರ ಲಿಪಿ ಸುಮಾರು 12 ಲಕ್ಷ ಅಕ್ಷರಗಳದ್ದು, ಕಾರ್ಸೊನೆಲ್ಲಾದ್ದಕ್ಕಿಂತ ಏಳು ಪಟ್ಟು ಹೆಚ್ಚು. 2008ರಲ್ಲಿ ಈ ಬಗೆಯ ದೈತ್ಯ ವೈರಸ್ಸಿಗೇ ಸೋಂಕಿ ಅದನ್ನು ಕುಗ್ಗಿಸುವ ಸ್ಪುಟ್ನಿಕ್ ಎಂಬ ಕಿರುವೈರಸ್ಸೂ ಪತ್ತೆಯಾದಾಗ, ಜೀವವೇ ಇಲ್ಲದ್ದಕ್ಕೆ ಕಾಯಿಲೆ ಬರುವುದು ಹೇಗೆಂಬ ಪ್ರಶ್ನೆ ಎದ್ದಿತು. ಪರಾವಲಂಬನೆಯೇ ಅನರ್ಹತೆಯಾದರೆ, ಪರರು ತಯಾರಿಸಿದ ಆಹಾರವಿಲ್ಲದೆ ಒಂದು ತಿಂಗಳೂ ಕಷ್ಟದಲ್ಲಿ ಬದುಕುವ ಮನುಷ್ಯನನ್ನು ಯಾವ ಮೆಟ್ಟಿಲಿನಲ್ಲಿ ನಿಲ್ಲಿಸಬೇಕೆಂಬುದೂ ಚರ್ಚೆಗೆ ಬರುತ್ತದೆ.

ನಿಂತ ಗಡಿಯಾರ

ಚಯಾಪಚಯವನ್ನೇ ಲಕ್ಷಣವಾಗಿ ಹಿಡಿದವರಿಗೆ ಮತ್ತೊಂದು ದಿಕ್ಕಿನಿಂದಲೂ ಅಡ್ಡಿ ಬರುತ್ತದೆ. ಸೂಕ್ಷ್ಮದರ್ಶಕದ ಪಿತಾಮಹರಲ್ಲೊಬ್ಬರಾದ ಆಂಟನಿ ವಾನ್ ಲೇವೆನ್‌ಹುಕ್ 1702ರಲ್ಲಿ ಸೂರಿನ ದೋಣಿಯಲ್ಲಿ ಒಣಗಿದ್ದ ಧೂಳಿಗೆ ನೀರು ಬೆರೆಸಿದಾಗ, ಅದರಲ್ಲಿದ್ದ ಕಿರುಜೀವಿಗಳು ಗಂಟೆಯೊಳಗೆ ಮೈಮುರಿದು ಈಜತೊಡಗಿದವು. ಟಾರ್ಡಿಗ್ರೇಡ್ ಅಥವಾ ನೀರುಕರಡಿ ಎಂದು ಕರೆಯಲಾಗುವ, ಒಂದು ಮಿಲಿಮೀಟರಿಗಿಂತ ಕಿರಿದಾದ ಎಂಟು ಕಾಲಿನ ಪ್ರಾಣಿ ಮೈಯ ನೀರನ್ನು ಬಹುಪಾಲು ಕಳೆದುಕೊಂಡು ಮುದುಡಿ, ಚಯಾಪಚಯದ ಸುಳಿವೇ ಸಿಗದಂತೆ ವರ್ಷಗಟ್ಟಲೆ ಬಿದ್ದಿರಬಲ್ಲದು. 2007ರಲ್ಲಿ ಫೋಟಾನ್ ನೌಕೆಯಲ್ಲಿ ಅವನ್ನು ಬಾಹ್ಯಾಕಾಶದ ನಿರ್ವಾತಕ್ಕೆ ಒಡ್ಡಿ ತಂದಾಗಲೂ ಹಲವು ಮತ್ತೆ ನೀರು ಕುಡಿದು ಎದ್ದವು. ಇಸ್ರೇಲಿನ ಮಸಾಡಾ ಕೋಟೆಯ ಉತ್ಖನನದಲ್ಲಿ ಸಿಕ್ಕ, ಸುಮಾರು ಎರಡು ಸಾವಿರ ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆತು ಮರವಾಯಿತು.

1959ರಲ್ಲಿ ಡೇವಿಡ್ ಕೀಲಿನ್ ಇಂಥ ಸ್ಥಿತಿಗೆ ಕ್ರಿಪ್ಟೋಬಯಾಸಿಸ್, ಎಂದರೆ ಅಡಗಿದ ಜೀವ, ಎಂಬ ಹೆಸರಿಟ್ಟು, ಅಲ್ಲಿ ಉಳಿದುಕೊಳ್ಳುವುದು ಮೈಯ ರಚನೆಯೇ ಹೊರತು ಚಟುವಟಿಕೆಯಲ್ಲವೆಂದು ವಿವರಿಸಿದರು. ಕೀಲಿ ಕೊಡದೆ ನಿಂತ ಗಡಿಯಾರವನ್ನೂ ಹಲ್ಲುಚಕ್ರ ಮುರಿದು ನಿಂತ ಗಡಿಯಾರವನ್ನೂ ಹೊರಗಿನಿಂದ ನೋಡಿದರೆ ಒಂದೇ. ಮೊದಲನೆಯದು ಮತ್ತೆ ಓಡುತ್ತದೆ, ಎರಡನೆಯದು ಓಡದು. ಒಣಗಿದ ನೀರುಕರಡಿ ಮೊದಲನೆಯ ಬಗೆಯದು. ಆದರೆ ರಚನೆಯೇ ಸಾಕೆಂದು ಒಪ್ಪಿಕೊಂಡ ಮೇಲೆ, ಸರಿಯಾದ ಕೋಶ ಸಿಕ್ಕ ಕೂಡಲೆ ಓಡಲಾರಂಭಿಸುವ ಹರಳು ರೂಪದ ವೈರಸ್ಸನ್ನು ಹೊರಗಿಡಲು ಹೇಳುತ್ತಿದ್ದ ಕಾರಣಗಳಲ್ಲಿ ಒಂದು ಕಳಚಿಬೀಳುತ್ತದೆ. ಒಂದು ಅವ್ಯಾಪ್ತಿಯನ್ನು ಮುಚ್ಚಲು ಹಾಕಿದ ತೇಪೆ ಇನ್ನೊಂದು ಅತಿವ್ಯಾಪ್ತಿಗೆ ಬಾಗಿಲು ತೆರೆಯುವುದು ಈ ಚರ್ಚೆಯ ಉದ್ದಕ್ಕೂ ಕಾಣುವ ಕ್ರಮ.

ಒಂಟಿ ಮೊಲ ಮತ್ತು ಮಂಗಳದ ಮಣ್ಣು

ಈಗ ಹೆಚ್ಚು ಚಾಲ್ತಿಯಲ್ಲಿರುವುದು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಚರ್ಚೆಗಳಿಂದ 1990ರ ದಶಕದಲ್ಲಿ ರೂಪುಗೊಂಡು, ಜೆರಾಲ್ಡ್ ಜಾಯ್ಸ್ ಅವರ ಬರಹದ ಮೂಲಕ ಪ್ರಸಿದ್ಧವಾದ ವ್ಯಾಖ್ಯೆ. ತನ್ನನ್ನು ತಾನು ನಡೆಸಿಕೊಂಡು ಹೋಗುವ, ಡಾರ್ವಿನ್ ಹೇಳಿದ ರೀತಿಯ ವಿಕಾಸಕ್ಕೆ ಒಳಗಾಗಬಲ್ಲ ರಾಸಾಯನಿಕ ವ್ಯವಸ್ಥೆಯೇ ಜೀವ ಎಂಬುದು ಅದರ ತಾತ್ಪರ್ಯ. 'ರಾಸಾಯನಿಕ' ಎಂಬ ಪದ ಕಂಪ್ಯೂಟರ್ ವೈರಸ್ಸನ್ನು ಹೊರಗಿಡುತ್ತದೆ, 'ವಿಕಾಸ' ಎಂಬ ಪದ ಬೆಂಕಿಯನ್ನೂ ಕಲ್ಲುಸಕ್ಕರೆಯನ್ನೂ ಹೊರಗಿಡುತ್ತದೆ. ಆದರೆ ವಿಕಾಸವಾಗುವುದು ತಲೆಮಾರುಗಳ ಸಾಲಿನಲ್ಲಿ. ಒಂದೇ ಜೀವಿ ಎಂದೂ ವಿಕಾಸ ಹೊಂದುವುದಿಲ್ಲ. ಸಂತಾನಶಕ್ತಿಯೇ ಜೀವದ ಲಕ್ಷಣವೆಂದು ಒಪ್ಪಿದ ವಿಜ್ಞಾನಿಗಳ ಸಭೆಯಲ್ಲಿ, ಹಾಗಾದರೆ ಗಂಡು ಹೆಣ್ಣು ಜೊತೆಗಿರುವ ಎರಡು ಮೊಲಗಳಿಗೆ ಜೀವವಿದೆ, ಒಂಟಿ ಮೊಲಕ್ಕೆ ಇಲ್ಲ ಎಂದು ಯಾರೋ ಎತ್ತಿದ ಆಕ್ಷೇಪವನ್ನು ಜೀವರಸಾಯನಶಾಸ್ತ್ರಜ್ಞ ಡೇನಿಯಲ್ ಕೋಶ್‌ಲ್ಯಾಂಡ್ 2002ರ ಲೇಖನವೊಂದರಲ್ಲಿ ದಾಖಲಿಸಿದ್ದಾರೆ. ನಗೆ ತರಿಸುವ ಈ ಆಕ್ಷೇಪದೊಳಗೆ ಗಂಭೀರವಾದ ಅಂಶವೊಂದಿದೆ: 'ಜೀವ' ಎಂಬ ಒಂದೇ ಪದ ಕೋಶಕ್ಕೆ, ಇಡೀ ದೇಹಕ್ಕೆ, ಪೀಳಿಗೆಗಳ ಸಾಲಿಗೆ ಎಂಬಂತೆ ಮೂರು ಬೇರೆ ಬೇರೆ ಮಟ್ಟಗಳಲ್ಲಿ ಬಳಕೆಯಾಗುತ್ತಿದೆ, ಒಂದು ಮಟ್ಟಕ್ಕೆ ಹೊಂದುವ ಲಕ್ಷಣ ಇನ್ನೊಂದಕ್ಕೆ ಹೊಂದಬೇಕೆಂದೇನೂ ಇಲ್ಲ.

ವ್ಯಾಖ್ಯೆಯ ಕೊರತೆ ಪುಸ್ತಕದೊಳಗಿನ ಜಗಳವಾಗಿಯಷ್ಟೇ ಉಳಿಯುವುದಿಲ್ಲ ಎಂಬುದು 1976ರಲ್ಲಿ ಮಂಗಳ ಗ್ರಹದ ಮೇಲೆ ಸ್ಪಷ್ಟವಾಯಿತು. ಆ ವರ್ಷ ಜುಲೈ 20ರಂದು ಮತ್ತು ಸೆಪ್ಟೆಂಬರ್ 3ರಂದು ಇಳಿದ ಎರಡು ವೈಕಿಂಗ್ ನೌಕೆಗಳಲ್ಲಿ ಜೀವವನ್ನು ಹುಡುಕುವ ಉಪಕರಣಗಳಿದ್ದವು. ಗಿಲ್ಬರ್ಟ್ ಲೆವಿನ್ ರೂಪಿಸಿದ ಪ್ರಯೋಗದಲ್ಲಿ, ವಿಕಿರಣಶೀಲ ಇಂಗಾಲ ಸೇರಿಸಿದ ಪೋಷಕದ್ರವವನ್ನು ಮಣ್ಣಿಗೆ ಹನಿಸಿದಾಗ ಆ ಇಂಗಾಲವನ್ನು ಹೊತ್ತ ಅನಿಲ ಹೊಮ್ಮಿತು. ಮೊದಲೇ 160 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಮಣ್ಣಿನಿಂದ ಹೊಮ್ಮಲಿಲ್ಲ. ಸೂಕ್ಷ್ಮಜೀವಿಗಳು ಉಂಡು ಉಸಿರು ಬಿಟ್ಟರೆ ಕಾಣಬೇಕಾಗಿದ್ದ ಫಲಿತಾಂಶ ಅದೇ ಆಗಿತ್ತು. ಆದರೆ ಮತ್ತೊಂದು ಉಪಕರಣಕ್ಕೆ ಆ ಮಣ್ಣಿನಲ್ಲಿ ಮಂಗಳದ್ದೇ ಎನ್ನಬಹುದಾದ ಸಾವಯವ ಅಣುಗಳು ಕಾಣಿಸಲಿಲ್ಲವಾದ್ದರಿಂದ, ಮೈಯೇ ಇಲ್ಲದೆ ಉಸಿರೆಲ್ಲಿಯದೆಂದು ಬಹುತೇಕ ವಿಜ್ಞಾನಿಗಳು ಅನಿಲಕ್ಕೆ ಮಣ್ಣಿನ ರಸಾಯನವೇ ಕಾರಣವೆಂದು ನಿರ್ಧರಿಸಿದರು. ಲೆವಿನ್ ಕೊನೆಯವರೆಗೂ ಅದನ್ನು ಒಪ್ಪಲಿಲ್ಲ. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಲವಣಗಳನ್ನು ಕಂಡುಹಿಡಿಯಿತು. ಕಾಯಿಸಿದಾಗ ಸಾವಯವ ಅಣುಗಳನ್ನು ಸುಟ್ಟುಹಾಕುವ ಸ್ವಭಾವ ಆ ಲವಣಗಳಿಗಿರುವುದರಿಂದ ಹಳೆಯ ವಾದ ಮತ್ತೆ ಜೀವ ತಳೆಯಿತು. ಚಯಾಪಚಯವೇ ಜೀವದ ಗುರುತೆಂದು ಉಪಕರಣದೊಳಗೇ ಕಟ್ಟಿಹಾಕಿದ್ದ ವ್ಯಾಖ್ಯೆ 'ಹೌದು' ಎಂದಾಗ, ಬಹುತೇಕ ವಿಜ್ಞಾನಿಗಳು ಅದನ್ನು ನಂಬಲು ಹಿಂಜರಿದರು ಎಂಬುದು ಈ ಪ್ರಸಂಗದ ಪಾಠ.

ಆಸ್ಪತ್ರೆಯ ಗೆರೆ

ಮಂಗಳದ ಮಣ್ಣಿನ ತೀರ್ಪಿಗೆ ದಶಕಗಳ ಕಾಲ ಕಾಯಬಹುದು; ತೀವ್ರ ನಿಗಾ ಘಟಕದ ಹಾಸಿಗೆಯ ಪಕ್ಕದಲ್ಲಿ ಅಷ್ಟು ಸಮಯವಿರುವುದಿಲ್ಲ. ಕೃತಕ ಉಸಿರಾಟದ ಯಂತ್ರ ಬಂದ ಮೇಲೆ ಉಸಿರು ಮತ್ತು ಎದೆಬಡಿತ ಎಂಬ ಹಳೆಯ ಗುರುತುಗಳು ಸಾಲದಾದವು. ಮೆದುಳು ಮರಳಿ ಬಾರದಂತೆ ನಿಂತುಹೋದ ಮೇಲೂ ಯಂತ್ರದ ನೆರವಿನಿಂದ ಎದೆ ಏರಿಳಿಯುತ್ತಿರಬಹುದು. 1968ರಲ್ಲಿ ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಮಿತಿ ಮೆದುಳಿನ ನಿಲುಗಡೆಯನ್ನು ಸಾವಿನ ಮಾನದಂಡವಾಗಿ ಮುಂದಿಟ್ಟಿತು. ಭಾರತದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯಿದೆ, ಉಸಿರಾಟವನ್ನು ನಿಯಂತ್ರಿಸುವ ಮೆದುಳುಕಾಂಡ ಶಾಶ್ವತವಾಗಿ ನಿಂತಿರುವುದನ್ನು ವೈದ್ಯರ ಮಂಡಳಿಯೊಂದು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಿದರೆ ಅದನ್ನು ಸಾವೆಂದು ಒಪ್ಪುತ್ತದೆ. ವ್ಯಕ್ತಿ ತೀರಿಕೊಂಡನೆಂದು ಕಾಗದ ಸಹಿಯಾದ ಮೇಲೂ ಅವನ ಮೂತ್ರಪಿಂಡ, ಯಕೃತ್ತು, ಹೃದಯಗಳು ಸಜೀವವಾಗಿರುತ್ತವೆ. ಇರುವುದರಿಂದಲೇ ಅವು ಬೇರೊಬ್ಬರ ದೇಹದಲ್ಲಿ ಕೆಲಸ ಮುಂದುವರಿಸುತ್ತವೆ. ಕರ್ನಾಟಕದಲ್ಲಿ ಈ ದಾನವನ್ನು ಸಂಯೋಜಿಸುವ ಸಂಸ್ಥೆಗೆ 'ಜೀವಸಾರ್ಥಕತೆ' ಎಂಬ ಹೆಸರಿದೆ. ದೇಹದ ಸಾವು ಮತ್ತು ಅಂಗದ ಜೀವ ಎಂಬ ಎರಡು ಮಟ್ಟಗಳನ್ನು ಆ ಒಂದು ಪದ ಜೊತೆಯಾಗಿ ಹಿಡಿದಿದೆ. 1951ರಲ್ಲಿ ತೀರಿಕೊಂಡ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಅವರ ಗಂತಿಯಿಂದ ತೆಗೆದ ಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ವಿಭಜನೆಯಾಗುತ್ತಲೇ ಇವೆ.

ಕಾನೂನು ಎಳೆದ ಗೆರೆ ಪ್ರಕೃತಿಯಲ್ಲಿ ಮೊದಲೇ ಬಿದ್ದಿದ್ದ ಗೆರೆಯಲ್ಲ. ಮುಸ್ಸಂಜೆಯಲ್ಲಿ ಹಗಲು ಮುಗಿಯುವ ಕ್ಷಣವನ್ನು ಕಾನೂನಿನ ಕೆಲಸಕ್ಕಾಗಿ ಗೊತ್ತುಮಾಡಿದ ಹಾಗೆ ಅದು ಗೊತ್ತುಮಾಡಿದ್ದು. ಹಾಗೆಂದ ಮಾತ್ರಕ್ಕೆ ಹಗಲು ರಾತ್ರಿಗಳ ವ್ಯತ್ಯಾಸ ಸುಳ್ಳಾಗುವುದಿಲ್ಲ, ನಡುಹಗಲನ್ನು ನಡುರಾತ್ರಿಯೆಂದು ಯಾರೂ ತಪ್ಪಾಗಿ ತಿಳಿಯುವುದೂ ಇಲ್ಲ. ಜೈನ ದರ್ಶನದ ಅಗಲವಾದ ಬಲೆಯಂತೆಯೇ ಈ ಗೆರೆಯೂ ಒಂದು ಉದ್ದೇಶಕ್ಕಾಗಿ ಹುಟ್ಟಿ, ಆ ಉದ್ದೇಶದ ಮಟ್ಟಿಗೆ ಸಮರ್ಥವಾಗಿದೆ.

ಒಂದೇ ಮನೆಯ ಊರು

ಉದ್ದೇಶಕ್ಕೆ ತಕ್ಕ ಗೆರೆಗಳಾಚೆಗೆ, ಜೀವದ ನಿಜವಾದ ಲಕ್ಷಣವೊಂದು ಸಿಕ್ಕೀತೇ ಎಂಬ ಪ್ರಶ್ನೆಗೆ ದಾರ್ಶನಿಕರಾದ ಕ್ಯಾರಲ್ ಕ್ಲೆಲ್ಯಾಂಡ್ ಮತ್ತು ಖಗೋಳಜೀವವಿಜ್ಞಾನಿ ಕ್ರಿಸ್ಟೋಫರ್ ಚೈಬಾ 2002ರಲ್ಲಿ ನೀರಿನ ಉದಾಹರಣೆಯಿಂದ ಉತ್ತರಿಸಿದರು. ನೀರಿನ ಅಣುರಚನೆ ತಿಳಿಯುವ ಮುನ್ನ ಅದನ್ನು ತಿಳಿಯಾಗಿರುವುದು, ಒದ್ದೆ ಮಾಡುವುದು, ಪದಾರ್ಥಗಳನ್ನು ಕರಗಿಸುವುದು ಎಂಬ ಗುಣಗಳಿಂದ ಮಾತ್ರ ಹೇಳಬೇಕಾಗಿತ್ತು. ಯುರೋಪಿನ ರಸವಾದಿಗಳು ಲೋಹ ಕರಗಿಸುವ ಆಮ್ಲವನ್ನೂ ಒಂದು ಬಗೆಯ ನೀರೆಂದೇ ಕರೆದರು. ಕನ್ನಡದಲ್ಲಿಯೂ ಎಳನೀರು, ಕಣ್ಣೀರು, ಪನ್ನೀರು ಎಲ್ಲವೂ ನೀರೇ. ಎರಡು ಜಲಜನಕ, ಒಂದು ಆಮ್ಲಜನಕ ಕೂಡಿದ ಅಣು ಎಂಬ ತಿಳಿವಳಿಕೆ ಬಂದದ್ದು ನಿಘಂಟಿನ ಅರ್ಥವನ್ನು ತಿದ್ದಿ ತೀಡಿದ್ದರಿಂದ ಅಲ್ಲ, ಪದಾರ್ಥಗಳ ರಚನೆಯ ಬಗ್ಗೆ ಒಂದು ಸಿದ್ಧಾಂತ ಬೆಳೆದದ್ದರಿಂದ. ಜೀವದ ಬಗ್ಗೆ ಅಂಥ ಸಿದ್ಧಾಂತ ಇನ್ನೂ ಇಲ್ಲವಾದ್ದರಿಂದ, ಈಗಿನ ವ್ಯಾಖ್ಯೆಗಳೆಲ್ಲ ನೀರನ್ನು ಒದ್ದೆತನದಿಂದ ಹೇಳಿದಂತೆಯೇ ಎಂಬುದು ಅವರ ವಾದ.

ಆ ಸಿದ್ಧಾಂತ ಏಕೆ ಬೆಳೆದಿಲ್ಲ ಎಂಬುದಕ್ಕೆ ಮತ್ತೆ ಭಾರತೀಯ ಶಾಸ್ತ್ರಗಳ ಒಂದು ಮಾತು ಬೆಳಕು ಚೆಲ್ಲುತ್ತದೆ. ದೇವದತ್ತನ ಮನೆ ಯಾವುದೆಂದು ಕೇಳಿದವನಿಗೆ 'ಅಗೋ, ಕಾಗೆ ಕುಳಿತಿರುವ ಮನೆ' ಎಂದು ತೋರಿಸಿದರೆ ಆ ಗುರುತು ಕೆಲಸ ಮಾಡುತ್ತದೆ, ಕೇಳಿದವನು ಸರಿಯಾದ ಬಾಗಿಲಿಗೇ ಹೋಗುತ್ತಾನೆ. ಆದರೆ ಕಾಗೆ ಮನೆಯ ಸ್ವರೂಪಕ್ಕೆ ಸೇರಿದ್ದಲ್ಲ, ಹಾರಿಹೋದರೂ ಮನೆ ಮನೆಯೇ. ಇಂಥ ಆಗಂತುಕ ಗುರುತಿಗೆ 'ಉಪಲಕ್ಷಣ' ಎಂದು ಹೆಸರು. ಊರಿನಲ್ಲಿ ಹತ್ತು ಮನೆಗಳಿದ್ದರೆ ಕಾಗೆ ಯಾವುದು, ಗೋಡೆ ಯಾವುದು ಎಂದು ಹೋಲಿಸಿ ತಿಳಿಯಬಹುದು. ಭೂಮಿಯ ಜೀವಲೋಕ ಒಂದೇ ಮನೆಯ ಊರು. ಬ್ಯಾಕ್ಟೀರಿಯಾದಿಂದ ಆಲದ ಮರದವರೆಗೆ, ಇರುವೆಯಿಂದ ಆನೆಯವರೆಗೆ ಈವರೆಗೆ ಪರೀಕ್ಷಿಸಿದ ಜೀವಿಗಳೆಲ್ಲ ಒಂದೇ ಮೂಲದಿಂದ ಕವಲೊಡೆದವು. ಅವುಗಳ ಆನುವಂಶಿಕ ಲಿಪಿಯ ಅಕ್ಷರಗಳು ಒಂದೇ, ಪ್ರೋಟೀನಿನ ಇಟ್ಟಿಗೆಗಳಾದ ಸುಮಾರು ಇಪ್ಪತ್ತು ಅಮೈನೋ ಆಮ್ಲಗಳು ಒಂದೇ, ಎಡಗೈ ಬಲಗೈಗಳಂತೆ ಎರಡು ರೂಪಗಳಲ್ಲಿ ಇರಬಹುದಾದ ಆ ಆಮ್ಲಗಳಲ್ಲಿ ಪ್ರೋಟೀನಿಗೆ ಆಯ್ಕೆಯಾದದ್ದು ಎಡರೂಪವೊಂದೇ. ಇಂಗಾಲ, ನೀರು, ಎಡರೂಪ, ಕೋಶದ ಪೊರೆ ಇವುಗಳಲ್ಲಿ ಯಾವುದು ಮನೆಯ ಗೋಡೆ, ಯಾವುದು ಸೂರಿನ ಮೇಲೆ ಕುಳಿತ ಕಾಗೆ ಎಂಬುದನ್ನು ಒಂದೇ ಮನೆಯನ್ನು ಎಷ್ಟು ಸಾರಿ ಸುತ್ತಿದರೂ ಹೇಳಲಾಗದು.

ಇರುವ ಮನೆಯನ್ನೇ ಬಿಚ್ಚಿ ನೋಡುವ ಪ್ರಯತ್ನವೂ ನಡೆದಿದೆ. ಕ್ರೇಗ್ ವೆಂಟರ್ ಅವರ ತಂಡ 2016ರಲ್ಲಿ ಬ್ಯಾಕ್ಟೀರಿಯಾವೊಂದರ ಲಿಪಿಯಿಂದ ಅನಗತ್ಯವೆನಿಸಿದ ಜೀನುಗಳನ್ನೆಲ್ಲ ತೆಗೆದುಹಾಕಿ, ಕೇವಲ 473 ಜೀನುಗಳಿಂದ ಬದುಕಿ ಬೆಳೆಯುವ ಕೋಶವನ್ನು ಪ್ರಯೋಗಶಾಲೆಯಲ್ಲಿ ರೂಪಿಸಿತು. ಅವುಗಳಲ್ಲಿ 149 ಜೀನುಗಳ ಕೆಲಸವೇನೆಂಬುದು ಆಗ ಆ ತಂಡಕ್ಕೇ ತಿಳಿದಿರಲಿಲ್ಲ. ತೆಗೆದರೆ ಕೋಶ ಸಾಯುತ್ತದೆ ಅಥವಾ ತೀರ ಸೊರಗುತ್ತದೆ ಎಂಬಷ್ಟು ಗೊತ್ತಿದ್ದು, ಏಕೆಂಬುದು ಗೊತ್ತಿಲ್ಲದ ಆ ಮೂರರಲ್ಲೊಂದು ಭಾಗ, ಅತ್ಯಂತ ಚಿಕ್ಕ ಮನೆಯಲ್ಲಿಯೂ ಬೆಳಕು ಹೋಗದ ಕೋಣೆಗಳಿವೆಯೆಂಬುದನ್ನು ತೋರಿಸಿತು.

2024ರ ಅಕ್ಟೋಬರ್ 14ರಂದು ಭೂಮಿಯನ್ನು ಬಿಟ್ಟ ಯುರೋಪಾ ಕ್ಲಿಪ್ಪರ್ ನೌಕೆ 2030ರಲ್ಲಿ ಗುರುಗ್ರಹವನ್ನು ತಲುಪಿ, ಹಿಮದ ಹೊದಿಕೆಯ ಕೆಳಗೆ ಸಾಗರವಿದೆಯೆಂದು ನಂಬಲಾಗಿರುವ ಯುರೋಪಾ ಉಪಗ್ರಹದ ಬಳಿ ಹತ್ತಾರು ಬಾರಿ ಹಾದುಹೋಗಲಿದೆ. ವೈಕಿಂಗ್‌ನಂತೆ ಜೀವ ಇದೆಯೇ ಎಂದು ನೇರವಾಗಿ ಕೇಳುವ ಉಪಕರಣ ಅದರಲ್ಲಿಲ್ಲ. ಅಲ್ಲಿ ಜೀವ ನೆಲೆಸಲು ಬೇಕಾದ ನೀರು, ರಸಾಯನ ಮತ್ತು ಶಕ್ತಿ ಇವೆಯೇ ಎಂಬಷ್ಟನ್ನೇ ಅದು ವಿಚಾರಿಸುತ್ತದೆ. 1976ರ 'ಹೌದು' ಎಂಬ ಉತ್ತರವನ್ನು ನಂಬಲಾಗದೆ ಹೋದವರ ಎಚ್ಚರ ಆ ವಿನ್ಯಾಸದಲ್ಲಿ ಕಾಣುತ್ತದೆ. ಎರಡನೆಯ ಮನೆ ಸಿಗುವವರೆಗೆ ಕಾಗೆಯನ್ನು ಗೋಡೆಯಿಂದ ಬೇರ್ಪಡಿಸುವುದು ಸಾಧ್ಯವಿಲ್ಲ. ಆದರೆ ಕಾಗೆಯನ್ನೇ ಗುರುತಾಗಿ ನಂಬಿ ಹುಡುಕುತ್ತ ಹೊರಟವನು, ಕಾಗೆ ಕೂರದ ಆ ಎರಡನೆಯ ಮನೆಯ ಮುಂದಿನಿಂದಲೇ ಹಾದುಹೋಗಿಬಿಡಬಹುದು.